ಗುಬ್ಬಿಗೊಂದು ಬಾಯಿ ಬೇಕಿತ್ತು

ಶನಿವಾರ ಮಧ್ಯಾಹ್ನ ಮೂರೂಕಾಲಿಗೆ ದಂತವೈದ್ಯ ಕಾಲೇಜಿನ ಹಿಂದಿನ ಬೀದಿಯ ಬಾಡಿಗೆ ಕೋಣೆಯಲ್ಲಿ ಬಿಯರ್ ಆಟ ಶುರುವಾಯಿತು. ಹೂಡಿದವಳು ಮೂರನೇ ವರ್ಷದ, ಎಲ್ಲರೂ ಗುಬ್ಬಿ ಎಂದು ಕರೆಯುವ ಹುಡುಗಿ. ಐದರೊಳಗೆ ಯಾರದಾದರೂ ಮೇಲಿನ ಹಲ್ಲುಗಳ ಅಚ್ಚು ತೆಗೆದು, ಪ್ಲಾಸ್ಟರ್ ಸುರಿದು, ಮಾದರಿಯನ್ನು ಲ್ಯಾಬಿಗೆ ಒಪ್ಪಿಸದಿದ್ದರೆ ಸೋಮವಾರದ ಪರೀಕ್ಷೆಗೆ ಅವಳಿಗೆ ಪ್ರವೇಶವಿರಲಿಲ್ಲ. ಹಿಂದಿನ ಮೂರು ಮಾದರಿಗಳನ್ನು ಗಾಳಿಗುಳ್ಳೆಗಳಿವೆ ಎಂದು ಮೇಷ್ಟ್ರು ತಿರಸ್ಕರಿಸಿದ್ದರು. ಅಚ್ಚಿನ ಹಿಟ್ಟು ಗಂಟಲಿಗೆ ತಾಗಿದರೆ ವಾಕರಿಕೆ. ಹಾಗಾಗಿ ಬಾಯಿ ಕೊಡಲು ಯಾರೂ ತಯಾರಿರಲಿಲ್ಲ.

ಹಿಟ್ಟು ಕಲಸುವ ರಬ್ಬರ್ ಬಟ್ಟಲಿಗೆ ಬಾಟಲಿ ಮುಚ್ಚಳ ಎಸೆಯಬೇಕು. ಗುರಿ ತಪ್ಪಿದರೆ ಒಂದು ಗುಟುಕು. ಮೂರು ಸಲ ತಪ್ಪಿದವರ ಬಾಯಿಯಿಂದ ಅಚ್ಚು.

ಆನೆ ಎಂಬ ಅಡ್ಡಹೆಸರಿನ ಸಹಪಾಠಿ ಎರಡು ಸಲ ತಪ್ಪಿದ. ಕೋಣೆಯ ಹಿರಿಯಳಾದ, ಕೊನೇ ವರ್ಷದ ಅಕ್ಕ ಒಮ್ಮೆ. ಗುಬ್ಬಿಯ ಮೊದಲ ಮುಚ್ಚಳ ಆನೆಯ ಹಣೆಗೆ ಬಡಿಯಿತು, ಎರಡನೆಯದು ಕಿಟಕಿಯಿಂದ ಆಚೆ ಹೋಯಿತು, ಮೂರನೆಯದು ಅವಳದೇ ಲೋಟಕ್ಕೆ ಬಿತ್ತು.

"ಲೋಟಕ್ಕೆ ಬಿದ್ರೂ ಲೆಕ್ಕಾನೇ!" ಎಂದಳು ಗುಬ್ಬಿ.

"ಯಾವ ಲೆಕ್ಕವೂ ಇಲ್ಲ. ತೆಗಿ ಬಾಯಿ," ಎಂದಳು ಅಕ್ಕ.

"ಅಯ್ಯೋ ಅಕ್ಕಾ, ಅಚ್ಚು ತೆಗೆಯೋಳು ನಾನೇ ಅಲ್ವಾ?"

"ನೀನು ತೋಡಿದ ಗುಂಡೀಲಿ ನೀನೇ ಬಿದ್ದೆಯಲ್ಲೇ ತಾಯಿ!" ಆನೆ ಮಂಚದ ಮೇಲೆ ಹೊರಳಾಡಿದ.

ಗಂಟೆ ನಾಲ್ಕಾಗಲು ಐದು ನಿಮಿಷವಿತ್ತು. ಗುಬ್ಬಿ ಕನ್ನಡಿ ಮುಂದೆ ನಿಂತು, ಹಿಟ್ಟು ಕಲಸಿ, ಅದನ್ನು ಹಲ್ಲಿನ ಸಾಲಿನಾಕಾರದ ಅಚ್ಚಿನ ತಟ್ಟೆಗೆ ತುಂಬಿ, ತಟ್ಟೆಯನ್ನು ತನ್ನ ಬಾಯಿಗೆ ತಾನೇ ಒತ್ತಿಕೊಂಡಳು. ಮೂರು ನಿಮಿಷ ಅಲುಗಬಾರದು. ನಕ್ಕರೆ ಅಚ್ಚು ಕೆಡುತ್ತದೆ. ಆನೆ ಮೇಷ್ಟ್ರಂತೆ ಕೈ ಹಿಂದೆ ಕಟ್ಟಿ ನಡೆದ.

"ಏನಮ್ಮಾ ಇದು? ಹಲ್ಲೋ, ಹಳೇ ಗೋಡೆಯೋ?"

ಗುಬ್ಬಿಯ ಹೆಗಲು ಕುಲುಕಿತು, ಕಣ್ಣಲ್ಲಿ ನೀರು ಇಳಿಯಿತು, ಗದ್ದದಿಂದ ಜೊಲ್ಲೂ ಇಳಿಯಿತು. ತಟ್ಟೆ ಅಲುಗಲಿಲ್ಲ.

"ಎರಡೂವರೆ ನಿಮಿಷ... ಲೇ ಆನೆ, ಬಾಯ್ಮುಚ್ಚೋ!" ಎಂದು ಗಡಿಯಾರ ಹಿಡಿದ ಅಕ್ಕನೇ ನಕ್ಕು ನೆಲಕ್ಕೆ ಕೂತಳು.

ಅಚ್ಚಿಗೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮಾದರಿ ಹಿಡಿದು, ಐದಕ್ಕೆ ಎರಡು ನಿಮಿಷವಿರುವಾಗ ಗುಬ್ಬಿ ಲ್ಯಾಬ್ ತಲುಪಿದಳು. ಪ್ಲಾಸ್ಟರ್ ಇನ್ನೂ ಬೆಚ್ಚಗಿತ್ತು. ಮೇಷ್ಟ್ರು ಮಾದರಿಯನ್ನು ಬೆಳಕಿಗೆ ಹಿಡಿದರು. ಒಂದೂ ಗುಳ್ಳೆ ಇರಲಿಲ್ಲ.

"ಯಾರ ಬಾಯಿ?"

"ನಂದೇ ಸಾರ್."

"ಎಲ್ಲಿ, ತೆಗಿ ನೋಡೋಣ."

ಬಿಯರ್ ವಾಸನೆ ಬರುತ್ತದೆಂದು ಗುಬ್ಬಿಗೆ ಗೊತ್ತಿತ್ತು. ಬೇರೆ ದಾರಿಯಿಲ್ಲದೆ ಬಾಯಿ ತೆರೆದಳು. ಮೇಷ್ಟ್ರು ಹಲ್ಲಿಗೆ ಹಲ್ಲು ಹೋಲಿಸಿ, ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಸಹಿ ಹಾಕಿದರು.

"ಹಲ್ಲುಜ್ಜಿಕೊಂಡು ಬಾ ಸೋಮವಾರ," ಎಂದರು.

ಸೋಮವಾರ ಒಂಬತ್ತಕ್ಕೆ ಅವಳು ಪರೀಕ್ಷೆಗೆ ಕೂತಳು.