ಪಡಸಾಲೆಯಲ್ಲಿ ಕೋಳಿಹೆಜ್ಜೆ

"ಕ್ಯಾಮೆರಾ ನಾಕು ಲಕ್ಷದ್ದು. ಅದರ ಮೂರು ಕಾಲಿನ ಸ್ಟ್ಯಾಂಡು ಮೂವತ್ತು ಸಾವಿರದ್ದು. ಈ ಲೈಟು ಒಂದೊಂದಕ್ಕ ಹದಿನೆಂಟು. ನೀ ದಿನಕ್ಕ ನಾನೂರು. ಯಾವುದು ಬಿದ್ದು ಮುರದ್ರ ಹೆಚ್ಚು ಲುಕ್ಸಾನ ಅಂತ ನೀನೇ ಲೆಕ್ಕಾ ಹಾಕ್ಕೋ. ದೂರ ನಿಂತು ಒರಸು, ಹಲ್ಕಟ್ ಹೆಂಗಸ!"

"ದೂರ ನಿಂತು ಹ್ಯಾಂಗ ಒರಸ್ಲಿರಿ ಗೌಡ್ರ? ನನ್ನ ಕೈ ಏನು ರಬ್ಬರಿಂದು ಅದ ಏನು, ಜಗ್ಗಲಿಕ್ಕ?"

ಸಾಬಮ್ಮ ಹಿಂಡಿದ ಅರಿವೆಯನ್ನು ಮತ್ತೆ ಬಕೀಟಿನಲ್ಲಿ ಅದ್ದಿದಳು. ಜೋಕಾಲಿಯ ಮೇಲೆ ಕುಳಿತಿದ್ದ ಬಸವಂತರಾಯ ಗೌಡರು ಕಾಲು ಮೇಲೆತ್ತಿಕೊಂಡರು. ಅವರ ತಲೆಯ ಮೇಲೆ, ಗೋಡೆಯಲ್ಲಿ, ಬಸವಣ್ಣನ ಫೋಟೊ ಇತ್ತು.

ಶಹಾಬಾದದ ಕಲ್ಲು ಪಾಲಿಶ್ ಮಷೀನಿನ ಮುಂದೆ ಇಪ್ಪತ್ತೆಂಟು ವರ್ಷ ನಿಂತವಳು ಸಾಬಮ್ಮ. ಕಾಗಿಣಾ ದಂಡೆಯ ಈ ಊರಿನಲ್ಲಿ ಹುಟ್ಟಿ ಬೆಳೆದರೂ ಗೌಡರ ಪಡಸಾಲೆ ತುಳಿದದ್ದು ಇದೇ ಮೊದಲು. ತುಳಿಯುವಂತೆ ಮಾಡಿದ್ದು ವಿಶ್ವವಿದ್ಯಾಲಯದ ಒಂದು ಲ್ಯಾಬು. ಹಳೆಯ ಮನೆ, ಹಳೆಯ ಕಾಗದ, ಜನರ ನೆನಪು, ಹೀಗೆ ಸಿಕ್ಕಿದ್ದನ್ನೆಲ್ಲ ಕಂಪ್ಯೂಟರಿಗೆ ಏರಿಸಿ ಮುಂದೆ ಓದುವವರಿಗೆ, ಬರೆಯುವವರಿಗೆ ಸಿಗುವಂತೆ ಇಡುವುದು ಆ ಲ್ಯಾಬಿನ ಕೆಲಸ. ಗೌಡರ ವಾಡೆಯ ಒಂದೊಂದು ಕಲ್ಲಿನ ಫೋಟೊ ತೆಗೆಯಲು ಅಲ್ಲಿಂದ ನಾಹಿದ ಬಂದಿದ್ದಳು. ಒದ್ದೆ ಮಾಡಿ ಒರೆಸಿದರೆ ನೆಲಕ್ಕೆ ಹಾಸಿದ ಫರಸಿಕಲ್ಲಿನ ಮೇಲಿನ ಗೀರು ಎದ್ದು ಕಾಣುತ್ತದೆ. ಅದಕ್ಕೆ ಕಲ್ಲು ಗೊತ್ತಿದ್ದವರು ಬೇಕು ಎಂದು ಅವಳು ಕೇಳಿದಾಗ ಊರವರು ತೋರಿಸಿದ್ದು ಸಾಬಮ್ಮನನ್ನು.

ಗೌಡರು ಒಪ್ಪಿದ್ದಕ್ಕೂ ಕಾರಣವಿತ್ತು. ಹೈದರಾಬಾದಿನ ಹೋಟೆಲಿನವನೊಬ್ಬ ವಾಡೆಯನ್ನು ನೋಡಿ ಹೋಗಿದ್ದ. ವಿಶ್ವವಿದ್ಯಾಲಯದವರೇ ದೊಡ್ಡ ಮನೆತನದ ವಾಡೆ ಅಂತ ಬರೆದರೆ ಬಾಡಿಗೆ ಹೆಚ್ಚು ಕೇಳಬಹುದು.

ಸಾಬಮ್ಮ ಹಿತ್ತಿಲ ಬಾಗಿಲಿಂದ ಬರಬೇಕು, ಹಿತ್ತಿಲ ಬಾಗಿಲಿಂದ ಹೋಗಬೇಕು. ಅವಳು ತೊಳೆದ ನೆಲವನ್ನು ಸಂಜೆ ಮನೆಯ ಆಳು ಇನ್ನೊಮ್ಮೆ ತೊಳೆಯುತ್ತಿದ್ದ. "ಅಷ್ಟು ಸ್ವಚ್ಛ ನೆಲ ಸೇಡಮ್ಮಿನ ದವಾಖಾನಿಯೊಳಗೂ ಇಲ್ಲ ನೋಡ್ರಿ" ಎಂದು ಅವಳು ಕೆಳಗಿನ ಓಣಿಯಲ್ಲಿ ಹೇಳಿ ನಗಿಸುತ್ತಿದ್ದಳು.

ಎರಡನೆಯ ದಿನ ನಾಹಿದ ಒಂದು ಫರಸಿಯ ಮೂಲೆಯ ಮೇಲೆ ಬಗ್ಗಿದಳು. ಮೂರು ಗೀರು, ಒಂದೇ ಕಡೆ ಕೂಡಿದ್ದವು.

"ಗೌಡ್ರ, ಈ ಗುರ್ತು ಭಾಳ ಕಲ್ಲಿನ ಮ್ಯಾಲ ಅದ. ಏನಿದು?"

"ತ್ರಿಶೂಲ. ನಮ್ಮ ಮನೆತನದ ಗುರ್ತು. ನಮ್ಮಜ್ಜ ಹಾಕಿಸ್ಯಾರ, ಬರ್ಕೋ."

ಸಾಬಮ್ಮನಿಗೆ ನಗು ತಡೆಯಲಾಗಲಿಲ್ಲ. "ತ್ರಿಶೂಲ ಅಲ್ಲರಿ ಗೌಡ್ರ, ಕೋಳಿಹೆಜ್ಜಿ."

"ಏನಂದಿ?"

"ಕೋಳಿ ಕಾಲು ಊರಿದಂಗ ಇಲ್ಲೇನ್ರಿ? ನಮ್ಮ ಆಯಿ, ನಮ್ಮವ್ವನ ಅವ್ವ, ಮಾಪವ್ವನ ಗುರ್ತದು. ಖಣಿಯೊಳಗ ಕಲ್ಲು ಕಡಿಯೋ ಮಂದಿಯ ಒಂದೊಂದು ಟೋಳಿಗೆ ಒಂದೊಂದು ಗುರ್ತು ಇರ್ತಿತ್ತು. ಯಾರು ಎಷ್ಟು ಕಲ್ಲು ಕಡದ್ರು ಅಂತ ನೋಡಿ ಮುಕಾದಮ ಕೂಲಿ ಲೆಕ್ಕಾ ಹಾಕಬೇಕಲ್ರಿ. ಆಯಿ ಟೋಳಿದು ಕೋಳಿಹೆಜ್ಜಿ. ಇದೇ ಪಡಸಾಲಿಗೆ ಫರಸಿ ಹಾಸುವಾಗ ಆಕಿ ಕಾಲಿನ ಮ್ಯಾಲ ಕಲ್ಲು ಬಿತ್ತು. ಆಮ್ಯಾಲ ಸಾಯೂತನಾ ಕುಂಟಿದಳು."

"ಬಾಯಿ ಮುಚ್ಚು! ಕೋಳಿ ತಿನ್ನೋ ಮಂದಿಗೆ ಎಲ್ಲಾ ಕಡೆ ಕೋಳಿನೇ ಕಾಣ್ತದ."

"ತಿನ್ನೂದಕ್ಕೇ ಗುರ್ತು ಸಿಕ್ತದ್ರಿ."

ನಾಹಿದ ನಗಲಿಲ್ಲ. ಮೊಬೈಲನ್ನು ಸಾಬಮ್ಮನ ಬಾಯಿಯ ಹತ್ತಿರ ಹಿಡಿದಳು. ಗುರುತು ಹಿಡಿದವರ ಮಾತನ್ನು ಅವರದೇ ದನಿಯಲ್ಲಿ ಆ ಕಲ್ಲಿನ ಚಿತ್ರಕ್ಕೆ ಸೇರಿಸಬೇಕು, ಅದು ಲ್ಯಾಬಿನ ನಿಯಮ. ಸಾಬಮ್ಮ ಮೂರು ದಿನ ಕೋಳಿಹೆಜ್ಜೆ ಇದ್ದ ಕಲ್ಲಿನ ಮುಂದೆಲ್ಲ ಕುಳಿತು ಹೇಳಿದಳು. ಮಾಪವ್ವನದು ಒಂದು ಫೋಟೊವೂ ಇರಲಿಲ್ಲ. ಅವಳ ಹೆಸರು ರೇಷನ್ ಕಾರ್ಡಿನಲ್ಲೂ ಇರಲಿಲ್ಲ. "ಇನ್ನು ಕಂಪ್ಯೂಟರಿನಾಗ ಅದ" ಎಂದು ಸಾಬಮ್ಮ ತನ್ನ ಗಂಡ ಭೀಮಶ್ಯಾನ ಮುಂದೆ ಕುಣಿದಾಡಿದಳು.

ಹದಿನೈದು ದಿನ ಕಳೆದವು. ಹೋಟೆಲಿನವನು ಮತ್ತೆ ಬಂದ. ಗೌಡರು ಚಹಾ ತರಿಸಿ, ಲ್ಯಾಬಿನವರು ಏರಿಸಿದ್ದ ತಮ್ಮ ಪಡಸಾಲೆಯ ಚಿತ್ರವನ್ನು ಮೊಬೈಲಿನಲ್ಲಿ ತೆರೆದು ಅವನ ಕೈಗೆ ಕೊಟ್ಟರು. ಅವನು ಒಂದು ಕಲ್ಲಿನ ಮೇಲೆ ಬೆರಳಿಟ್ಟ.

"ಇದು ನಮ್ಮ ಆಯಿ ಮಾಪವ್ವ ಕಡದ ಕಲ್ಲು" ಎಂದಿತು ಮೊಬೈಲು, ಸಾಬಮ್ಮನ ದನಿಯಲ್ಲಿ.

ಅವನು ಇನ್ನೊಂದರ ಮೇಲೆ ಇಟ್ಟ. "ಇದೂ ಮಾಪವ್ವಂದೇ."

ಜೋಕಾಲಿಯ ಕೆಳಗಿನದರ ಮೇಲೆ ಇಟ್ಟ. "ಇದೂ ಆಕಿದೇ ನೋಡವ್ವಾ. ಇದೇ ಬಿದ್ದದ್ದು ಕಾಲ ಮ್ಯಾಲ."

ಗೌಡರ ಕೈಯಲ್ಲಿದ್ದ ಚಹಾ ಆರಿತು. ಅವನು ಹೋದ ಮೇಲೆ ಅವರು ಲ್ಯಾಬಿನ ಸಾಹೇಬರಿಗೆ ಫೋನು ಮಾಡಿ ಬೈದ ಬೈಗುಳ ಬೀದಿಗೆ ಕೇಳುತ್ತಿತ್ತು. ಸಾಹೇಬರು ಹೆದರಿದರು. ಆದರೆ ಕಲ್ಲಿನ ಮೇಲೆ ಇರುವುದನ್ನು ಇಲ್ಲ ಎನ್ನಲಾಗದು ಎಂದರು. ಕಲ್ಲಿನಲ್ಲೇ ಗುರುತು ಇಲ್ಲದಿದ್ದರೆ ಹೊಸ ಫೋಟೊ ತೆಗೆದು, ಹಳೆಯದನ್ನೂ ದನಿಯನ್ನೂ ಅಳಿಸುತ್ತೇವೆ ಎಂದರು.

ಮರುದಿನ ಮುಂಜಾನೆ ಗೌಡರು ಫರಸಿ ಹಾಸುವ ಕೆಲಸದ ಭೀಮಶ್ಯಾನನ್ನೂ ಅವನ ಜೊತೆಯ ಐದು ಮಂದಿಯನ್ನೂ ಕರೆಸಿದರು.

"ಫರಸಿ ಎಲ್ಲಾ ಎಬ್ಬಸ್ರಿ. ಮ್ಯಾಲಿಂದು ತೆಳಗ ಮಾಡಿ ಹಾಸ್ರಿ. ಒಂದೂ ಕೋಳಿ ಕಾಣಬಾರದು."

ಭೀಮಶ್ಯಾ ತಲೆ ಕೆರೆದುಕೊಂಡ. "ಗೌಡ್ರ, ತೆಳಗಿನ ಮೈಯಾಗ..."

ಸಾಬಮ್ಮ ಗಂಡನ ಕಾಲು ತುಳಿದಳು. "ತೆಳಗಿನ ಮೈ ಭಾಳ ಚಂದ ಇರ್ತದ್ರಿ ಗೌಡ್ರ. ಯಾರೂ ತುಳದಿಲ್ಲ. ಹೊಳ್ಳಸ್ರಿ, ಹೊಳ್ಳಸ್ರಿ. ನಾಹಿದವ್ವಗೂ ಬಾ ಅನ್ರಿ, ಒಂದೇ ಸಲ ಫೋಟೊ ಆಗ್ತದ."

"ಈಗ ಬುದ್ಧಿ ಬಂತು ನಿನಗ" ಎಂದರು ಗೌಡರು.

ನಾಹಿದ ಮೋರೆ ಸಣ್ಣದು ಮಾಡಿಕೊಂಡು ಬಂದು ಸ್ಟ್ಯಾಂಡು ನಿಲ್ಲಿಸಿದಳು. ಭೀಮಶ್ಯಾ ಹಾರೆ ಹಾಕಿ ಮೊದಲನೆಯ ಫರಸಿ ಎತ್ತಿದ. ನಾಲ್ಕು ಜನ ಹೊಳ್ಳಿಸಿ ಕೆಡವಿದರು. ಸಾಬಮ್ಮ ಹಳೆಯ ಗಚ್ಚನ್ನು ಕೆರೆದು, ನೀರು ಹೊಯ್ದು, ಅರಿವೆಯಿಂದ ಒಮ್ಮೆ ಎಳೆದಳು.

ಕೋಳಿಹೆಜ್ಜೆ. ಮೇಲಿನದಕ್ಕಿಂತ ದೊಡ್ಡದು, ನಿನ್ನೆ ಕಡೆದಂತೆ ಚೂಪಾಗಿತ್ತು.

"ಇದೊಂದು ಹಂಗ ಇರಬೇಕು" ಎಂದರು ಗೌಡರು. "ಮುಂದಿಂದು ಎಬ್ಬಸು."

ಮುಂದಿನದು. ಕೋಳಿಹೆಜ್ಜೆ.

"ಇನ್ನೊಂದು."

ಕೋಳಿಹೆಜ್ಜೆ. ಮೇಲ್ಮೈ ಸವೆದು, ಗುರುತಿಲ್ಲವೆಂದು ಗೌಡರು ನಂಬಿಕೊಂಡಿದ್ದ ಕಲ್ಲುಗಳ ಹೊಟ್ಟೆಯಲ್ಲೂ ಅದೇ ಇತ್ತು. ಇಸ್ಪೀಟು ಸೋಲುವವನ ಹಾಗೆ ಗೌಡರು ಇನ್ನೊಂದು, ಇನ್ನೊಂದು ಎನ್ನುತ್ತ ಹೋದರು. ಜೋಕಾಲಿ ಬಿಚ್ಚಿ ಹೊರಗಿಡಬೇಕಾಯಿತು. ನಾಹಿದ ಒಂದನ್ನೂ ಬಿಡದೆ ಫೋಟೊ ಹೊಡೆದಳು. ಅವಳ ಮೋರೆ ಈಗ ಸಣ್ಣದಿರಲಿಲ್ಲ.

"ಎರಡೂ ಕಡೆ ಯಾಕ ಅಕ್ಕಾ?"

"ಮುಕಾದಮ ಭಾಡ್ಕಾವ್ ಮ್ಯಾಲಿನ ಗುರ್ತು ತಿಕ್ಕಿ, ನಿಮ್ಮ ಕಲ್ಲು ಇಷ್ಟೇ ಅಂತಿದ್ದ. ಅದಕ್ಕ ತೆಳಗೊಂದು ಕಡಿತಿದ್ರು. ತಕರಾರು ಬಂದ್ರ ಹೊಳ್ಳಿಸಿ ತೋರ್ಸೂದು. ಇವತ್ತ ಗೌಡ್ರೇ ಹೊಳ್ಳಸ್ಯಾರ."

ಗೌಡರು ಅವಳತ್ತ ತಿರುಗಿದರು. ಹಣೆಯ ಮೇಲೆ ಬೆವರು, ವಿಭೂತಿ ಕಲೆತು ಹರಿಯುತ್ತಿತ್ತು.

"ಬೋಸಡಿ! ಗೊತ್ತಿದ್ದೂ ಹೊಳ್ಳಸ್ರಿ ಅಂದಿ?"

"ನೀವು ಕೇಳಲಿಲ್ಲರಿ. ಕೇಳಿದ್ರ ಹೇಳ್ತಿದ್ದೆ. ನಾ ಏನು ಸುಳ್ಳು ಹೇಳಾಕಿ ಏನ್ರಿ?"

ಭೀಮಶ್ಯಾ ಎದೆಗೆ ಆನಿಸಿ ಹಿಡಿದಿದ್ದ ಫರಸಿಯನ್ನು ಹಾಗೇ ನಿಲ್ಲಿಸಿ ಬಹಳ ನಮ್ರತೆಯಿಂದ ಕೇಳಿದ. "ಯಾವ ಮೈ ಮ್ಯಾಲ ಮಾಡ್ಲಿರಿ ಗೌಡ್ರ?"

ಗೌಡರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಧ್ಯಾಹ್ನವಾಗಿತ್ತು. ಸಾಬಮ್ಮ ರೊಟ್ಟಿಯ ಗಂಟನ್ನು ಪಡಸಾಲೆಯ ನಡುವೆ ಬಿಚ್ಚಿದಳು. ಆರು ಗಂಡಸರು ಹೊಳ್ಳಿ ಬಿದ್ದ ಫರಸಿಗಳ ಮೇಲೆ ಕುಳಿತರು. ನಾಹಿದಳಿಗೂ ಖಾರಬ್ಯಾಳಿ ಹಾಕಿದ ರೊಟ್ಟಿ ಸಿಕ್ಕಿತು. ಮನೆಯ ಆಳು ಬಕೀಟು ಹಿಡಿದು ಬಾಗಿಲಲ್ಲಿ ನಿಂತ. ತೊಳೆಯಲು ನೆಲವೇ ಇರಲಿಲ್ಲ, ಬರೀ ಮಣ್ಣು.

"ನೀನೂ ಬಾ, ಕುಂದ್ರು" ಎಂದಳು ಸಾಬಮ್ಮ. ಅವನು ಒಳಬಾಗಿಲ ಕಡೆ ಒಮ್ಮೆ ನೋಡಿ, ಬಕೀಟು ಬೋರಲು ಹಾಕಿ ಅದರ ಮೇಲೆ ಕುಳಿತ.

ಹೋಟೆಲಿನವನು ಮತ್ತೆ ಬರಲಿಲ್ಲ. ಲ್ಯಾಬಿನವರು ನಾಹಿದಳನ್ನು ಚಿಂಚೋಳಿ ಕಡೆಯ ಕೆಲಸಕ್ಕೆ ಅಟ್ಟಿದರು. ಭೀಮಶ್ಯಾನಿಗೆ ಆ ದಿನದ ಕೂಲಿ ಸಿಗಲಿಲ್ಲ. ಸಾಬಮ್ಮನಿಗೆ ವಾಡೆಯ ಹಿತ್ತಿಲ ಬಾಗಿಲೂ ಮುಚ್ಚಿತು. ಪಡಸಾಲೆಯ ಫರಸಿ ನೂರಾ ಹನ್ನೆರಡು. ಲ್ಯಾಬಿನ ಕಂಪ್ಯೂಟರಿನಲ್ಲಿ ಮಾಪವ್ವನ ಹೆಸರು ಮೊದಲು ಐವತ್ತೆಂಟರ ಮೇಲಿತ್ತು. ಈಗ ನೂರಾ ನಾಲ್ಕರ ಮೇಲಿದೆ.