ಒಳಗೆ ಬಿಟ್ಟ ಬಟ್ಟೆ

"ಒಳಗೆ ಬಿಟ್ಟಿರೋ ಬಟ್ಟೇನೆಲ್ಲ ಕತ್ತರಿಸಿ ಹಾಕಿ," ಎಂದಳು ಒರ್ತೆನ್ಸಿಯಾ. "ಒಂದು ಎಳೆ ಕೂಡ ಉಳೀಬಾರ್ದು."

ವಿಸೆಂತಾ ತುಟಿಗಳ ನಡುವೆ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ತೆಗೆದು ಮುಂಗೈಗೆ ಕಟ್ಟಿದ್ದ ಪುಟ್ಟ ದಿಂಬಿಗೆ ಚುಚ್ಚಿದಳು. ವಲೆನ್ಸಿಯಾದ ಈ ಓಣಿಯಲ್ಲಿ ಮೂವತ್ತೈದು ವರ್ಷದಿಂದ ಹಬ್ಬಕ್ಕೆ ತೊಡುವ ಹದಿನೆಂಟನೇ ಶತಮಾನದ ಮಾದರಿಯ ಹೆಂಗಸರ ಉಡುಪು ಹೊಲಿಯುತ್ತ ಬಂದವಳು ಅವಳು. ಗಿರಾಕಿಗಳ ಹುಚ್ಚಾಟ ಬೇಕಾದಷ್ಟು ಕಂಡಿದ್ದಳು. ಇಂಥ ಮಾತನ್ನು ಮಾತ್ರ ಯಾರ ಬಾಯಿಂದಲೂ ಕೇಳಿರಲಿಲ್ಲ.

ಕನ್ನಡಿಯ ಮುಂದಿನ ಮಣೆಯ ಮೇಲೆ ಒರ್ತೆನ್ಸಿಯಾಳ ಮಗಳು ಮಿರೆಯಾ ನಿಂತಿದ್ದಳು. ಹತ್ತೊಂಬತ್ತು ವರ್ಷ. ಮಾರ್ಚಿನ ಫಾಲ್ಯಾಸ್ ಹಬ್ಬಕ್ಕೆ ಓಣಿಯ ರಾಣಿಯಾಗಿ ಆರಿಸಿದ್ದರು. ಜನವರಿಯ ಚಳಿಯಲ್ಲಿ ಬರೀ ಒಳಲಂಗದ ಮೇಲೆ ಹೊಸ ಕುಪ್ಪಸ ತೊಟ್ಟಿದ್ದಳು. ಹಸಿರು ರೇಷ್ಮೆ, ಅದರ ತುಂಬ ಬೆಳ್ಳಿ ಎಳೆಯ ದಾಳಿಂಬೆ ಹೂವು. ಮುದುಕನೊಬ್ಬ ಕೈಮಗ್ಗದಲ್ಲಿ ದಿನಕ್ಕೆ ಒಂದು ಗೇಣಿನಂತೆ ನೇಯ್ದು ಕೊಟ್ಟಿದ್ದ. ಕುಪ್ಪಸದ ಮುಂಭಾಗದ ಎರಡು ಅಂಚುಗಳು ಒಂದಕ್ಕೊಂದು ತಾಗಬೇಕಿತ್ತು. ನಾಲ್ಕು ಬೆರಳು ದೂರವೇ ನಿಂತಿದ್ದವು.

ಅದರಲ್ಲಿ ಆಶ್ಚರ್ಯವೇನಿರಲಿಲ್ಲ. ಅಕ್ಟೋಬರಿನಲ್ಲಿ ಅಳತೆ ತೆಗೆದಾಗ ಸೊಂಟ ಅರವತ್ತೆಂಟು ಸೆಂಟಿಮೀಟರ್ ಬಂದಿತ್ತು. "ಅರವತ್ತೆರಡಕ್ಕೆ ಹೊಲೀರಿ, ಮಾರ್ಚಿಗೆ ಅಷ್ಟಾಗಿರ್ತಾಳೆ," ಎಂದಿದ್ದಳು ತಾಯಿ. ಎಲ್ಲ ತಾಯಂದಿರೂ ಹೇಳುವುದು ಅದನ್ನೇ. ವಿಸೆಂತಾ ಎಲ್ಲರಿಗೂ ಹೂಂ ಅನ್ನುತ್ತಾಳೆ, ಪ್ರತಿ ಹೊಲಿಗೆಯ ಒಳಗೆ ಮೂರು ಬೆರಳು ಬಟ್ಟೆ ಬಿಡುತ್ತಾಳೆ, ಹಬ್ಬದ ವಾರ ಯಾರಿಗೂ ಹೇಳದೆ ಬಿಚ್ಚಿ ಸಡಿಲ ಮಾಡಿ ಕೊಡುತ್ತಾಳೆ. ಹುಡುಗಿ ಉಸಿರಾಡುತ್ತಾಳೆ, ತಾಯಿ ಬೀಗುತ್ತಾಳೆ.

"ನಮ್ಮಕ್ಕನ ಮಗಳಿಗೂ ಹೀಗೇ ಮಾಡಿದ್ರಿ," ಎಂದಳು ಒರ್ತೆನ್ಸಿಯಾ. "ಕೊನೇ ಗಳಿಗೇಲಿ ಕದ್ದು ಬಿಚ್ಚಿ ಕೊಟ್ರಿ. ನಂಗೆ ಗೊತ್ತಿಲ್ಲ ಅಂದ್ಕೋಬೇಡಿ. ಬಟ್ಟೆ ಒಳಗಿದೆ ಅಂತ ಗೊತ್ತಿದ್ರೆ ಇವಳು ಬಾಯಿ ಕಟ್ತಾಳಾ?"

"ಅಮ್ಮಾ, ಅದು ನಾನು ಕಂಡುಹಿಡಿದಿದ್ದಲ್ಲ," ಎಂದಳು ವಿಸೆಂತಾ. "ಇನ್ನೂರೈವತ್ತು ವರ್ಷದ ಹಳೇ ಕುಪ್ಪಸ ಎಷ್ಟು ಬಿಚ್ಚಿ ನೋಡಿದೀನಿ. ಒಂದೊಂದರಲ್ಲೂ ನಾಲ್ಕು ಸಲ ಬಿಚ್ಚಿ ಹೊಲಿದ ತೂತುಗಳಿರ್ತವೆ. ಬಸುರಿಗೊಂದ್ಸಲ, ಬಾಣಂತಿಗೊಂದ್ಸಲ. ಒಳಗೆ ಬಿಟ್ಟ ರೇಷ್ಮೆ ಕತ್ತರಿಸಿ ಹಾಕೋರು ಆಗ ಯಾರೂ ಇರಲಿಲ್ಲ."

"ಇವಳೇನು ಬಸುರೀನಾ? ತಿಂಡಿಪೋತಿ."

ಮಿರೆಯಾ ಕನ್ನಡಿಯಲ್ಲಿ ತನ್ನ ಹೊಟ್ಟೆಯನ್ನೇ ನೋಡುತ್ತಿದ್ದಳು. "ಕತ್ತರಿಸಿ ಆಂಟಿ. ಪರವಾಗಿಲ್ಲ," ಎಂದಳು.

ವಿಸೆಂತಾಳಿಗೆ ಅಸಹ್ಯವಾಯಿತು. ಆದರೆ ಒರ್ತೆನ್ಸಿಯಾ ಒಂದು ಮಾತು ಆಡಿದರೆ ಓಣಿಯ ಒಬ್ಬ ಹೆಂಗಸೂ ಈ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹುಡುಗಿಯೇ ಒಪ್ಪಿದ್ದಾಳಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಕುಪ್ಪಸವನ್ನು ಬಿಚ್ಚಿಸಿ ಮೇಜಿನ ಮೇಲೆ ಮಗುಚಿ ಹಾಕಿ, ಹೊಲಿಗೆಯ ಉದ್ದಕ್ಕೂ ಕತ್ತರಿ ಓಡಿಸಿದಳು. ಒರ್ತೆನ್ಸಿಯಾ ಪಕ್ಕದಲ್ಲೇ ನಿಂತು ಕೊನೆಯವರೆಗೂ ನೋಡಿದಳು.

ಆಮೇಲೆ ಕೆಲಸ ಸುಸೂತ್ರವಾಗಿ ನಡೆಯಿತು. ಲಂಗದ ನೆರಿಗೆ ಕೂತಿತು, ಹೆಗಲ ಮೇಲಿನ ಜಾಲರಿ ಬಟ್ಟೆಗೆ ಬೆಳ್ಳಿ ಮಿಣುಕು ಹಚ್ಚಿದ್ದಾಯಿತು, ಮುತ್ತಿನ ಓಲೆಗಳೂ ಎದೆಯ ಪದಕವೂ ಬಂದವು. ಮಾರ್ಚಿನ ಮೊದಲ ವಾರ, ಹಬ್ಬದ ಹುಡುಗಿಯರಿಗೆ ತುರುಬು ಕಟ್ಟುವ ಫಿನಾ ಅಂಗಡಿಗೆ ಬಂದವಳೇ ಮುಡಿಗೆ ಸಿಕ್ಕಿಸುವ ಹಿತ್ತಾಳೆ ಬಾಚಣಿಗೆಗಳನ್ನು ಮೇಜಿನ ಮೇಲೆ ಕುಕ್ಕಿದಳು.

"ಆ ಹುಡುಗಿ ತಲೇಲಿ ಕೂದ್ಲೇ ಇಲ್ಲ ಕಣೇ! ಕಿವಿ ಮೇಲೆ ಸುರುಳಿ ತುರುಬು ಕೂರಿಸೋಣ ಅಂತ ಪಿನ್ನು ಹಾಕಿದ್ರೆ ಜಾರಿ ಬೀಳುತ್ತೆ. ಬಾಚಿದ್ರೆ ಕಂತೆಕಂತೆ ಕೈಗೆ ಬರುತ್ತೆ. ಅವರಮ್ಮನಿಗೆ ಹೇಳಿದ್ರೆ, 'ಅಂಟು ಹಾಕಿ ಕೂರ್ಸಿ' ಅಂತಾಳೆ. ತಾಯೋ ಮಾರಿಯೋ!"

"ನೀನೇನ್ ಮಾಡ್ದೆ?"

"ಇನ್ನೇನ್ ಮಾಡ್ಲಿ. ಅಂಟು ಹಾಕ್ದೆ." ಫಿನಾ ಮುಖ ತಿರುಗಿಸಿದಳು. "ನೀನು ಬಟ್ಟೆ ಕತ್ತರಿಸಲಿಲ್ವಾ?"

ಫಿನಾ ಹೋದ ಮೇಲೆ ವಿಸೆಂತಾ ಎರಡು ಸಲ ಒರ್ತೆನ್ಸಿಯಾಳ ಮನೆಗೆ ಫೋನು ಮಾಡಲು ಹೊರಟು, ಎರಡು ಸಲವೂ ಕೆಳಗಿಟ್ಟಳು.

ಕನ್ಯೆ ಮೇರಿಗೆ ಹೂವು ಅರ್ಪಿಸುವ ಮೆರವಣಿಗೆಗೆ ಎರಡು ದಿನವಿದ್ದಾಗ ತಾಯಿ ಮಗಳು ಕೊನೆಯ ಸಲ ತೊಟ್ಟು ನೋಡಲು ಬಂದರು. ಹೊರಗೆ ಪಟಾಕಿ, ಬ್ಯಾಂಡಿನ ಗಲಾಟೆ, ಮೂಲೆಮೂಲೆಯಲ್ಲೂ ಕಾದ ಎಣ್ಣೆಯ ವಾಸನೆ. ಒರ್ತೆನ್ಸಿಯಾ ಬರುವಾಗಲೇ ಕಾಗದದ ಪೊಟ್ಟಣದ ತುಂಬ ಬಿಸಿ ಬುನ್ಯೋಲ್ ಕಟ್ಟಿಸಿಕೊಂಡಿದ್ದಳು. ಕುರ್ಚಿಯಲ್ಲಿ ಕೂತು ಸಿಹಿಗುಂಬಳದ ಆ ಕರಿದ ಉಂಡೆಗಳನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳತೊಡಗಿದಳು. ಸಕ್ಕರೆ ಅವಳ ಗಲ್ಲದ ಮೇಲೆಲ್ಲ ಅಂಟಿತ್ತು. ಮಗಳಿಗೆ ಒಂದು ತಗೋ ಎನ್ನಲಿಲ್ಲ. ಮಗಳು ಪೊಟ್ಟಣದ ಕಡೆ ನೋಡಲೂ ಇಲ್ಲ.

ಮಿರೆಯಾ ಮಣೆ ಹತ್ತುವಾಗ ಗೋಡೆ ಹಿಡಿದುಕೊಂಡಳು. ಕುಪ್ಪಸ ತೊಡಿಸಲು ಹತ್ತಿರ ಹೋದ ವಿಸೆಂತಾಳಿಗೆ ಅವಳ ಉಸಿರಿನ ವಾಸನೆ ಬಡಿಯಿತು. ಕೊಳೆತ ಸೇಬಿನ ವಾಸನೆ. ಬೆನ್ನಿನ ಮೇಲೆ, ಎದ್ದು ಕಾಣುವ ಮೂಳೆಗಳ ಉದ್ದಕ್ಕೂ, ಎಳೆಕೂಸಿನ ಮೈಮೇಲಿರುವಂಥ ಸಣ್ಣ ನವಿರು ಬೆಳೆದಿತ್ತು. ಹುಡುಗಿ ಗಡಗಡ ನಡುಗುತ್ತಿದ್ದಳು.

"ತೋಳು ಚಾಚು ಮಗಳೇ," ಎಂದಳು ವಿಸೆಂತಾ. ಮಿರೆಯಾ ಎರಡೂ ತೋಳು ಅಗಲಕ್ಕೆ ಚಾಚಿ ನಿಂತಳು.

ಅಂಚಿಗೆ ಅಂಚು ಕೂತಿತು. ಕೂತದ್ದಷ್ಟೇ ಅಲ್ಲ, ಬೆನ್ನಿನ ಹತ್ತಿರ ಬಟ್ಟೆ ಜೋತುಬಿತ್ತು. ವಿಸೆಂತಾ ಅಲ್ಲಿ ಕೈ ಹಾಕಿದಳು. ಇಡೀ ಮುಷ್ಟಿ ಒಳಗೆ ಹೋಯಿತು.

"ನೋಡಿದ್ರಾ!" ಒರ್ತೆನ್ಸಿಯಾ ಕುರ್ಚಿಯಿಂದ ಎದ್ದೇಬಿಟ್ಟಳು. "ಆಗಲ್ಲ ಆಗಲ್ಲ ಅಂತಿದ್ರಲ್ಲ. ನನ್ನ ಬಂಗಾರಿ! ಈಗ ಇನ್ನೆರಡು ಬೆರಳು ಹಿಡೀರಿ ವಿಸೆಂತಾ. ಸಡಿಲ ಕಂಡ್ರೆ ಟಿ.ವಿ.ಲಿ ದಪ್ಪ ಕಾಣ್ತಾಳೆ."

"ಅಮ್ಮಾ, ನಿಮ್ಮ ಮಗಳಿಗೆ ಹುಷಾರಿಲ್ಲ. ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಈಗ್ಲೇ."

"ಹಬ್ಬ ಮುಗೀಲಿ. ಒಂದು ವಾರ ತಿಂದ್ರೆ ಸರಿ ಹೋಗ್ತಾಳೆ. ನಿಮ್ಮ ಕೆಲಸ ಹೊಲಿಯೋದು, ಹೊಲೀರಿ. ಆಗಲ್ಲ ಅಂದ್ರೆ ಹೇಳ್ಬಿಡಿ, ಎದುರು ಬೀದಿಯವಳು ಸಂಜೆಯೊಳಗೆ ಮಾಡ್ಕೊಡ್ತಾಳೆ." ಅವಳು ಬೆರಳು ನೆಕ್ಕಿಕೊಂಡು, ಅದೇ ಬೆರಳಲ್ಲಿ ಮಗಳ ಸೊಂಟದ ಹತ್ತಿರ ರೇಷ್ಮೆಯನ್ನು ಚಿವುಟಿ ಹಿಡಿದಳು. "ಇಲ್ಲಿ. ಇಷ್ಟು."

ಹಸಿರಿನ ಮೇಲೆ ಎಣ್ಣೆಯ ಕಲೆ ಮೂಡಿತು. ವಿಸೆಂತಾ ರೂಢಿಯಂತೆ ಪಿನ್ನು ತೆಗೆದು ಅಲ್ಲಿಗೇ ಚುಚ್ಚಿದಳು. ಎರಡನೆಯದನ್ನೂ ಚುಚ್ಚಿದಳು. ಮೂರನೆಯದಕ್ಕೆ ಕೈ ಹೋದಾಗ ತನ್ನ ಬೆರಳುಗಳನ್ನೇ ನೋಡಿಕೊಂಡಳು. ಹೇಸಿಗೆಯಾಯಿತು. ಎದುರಿಗಿದ್ದವಳ ಸಕ್ಕರೆ ಮೆತ್ತಿದ ಗಲ್ಲಕ್ಕಿಂತ, ಹೇಳಿದ ಕಡೆಯಲ್ಲೆಲ್ಲ ಚುಚ್ಚುವ ಈ ಬೆರಳುಗಳೇ ಹೆಚ್ಚು ಹೇಸಿಗೆ ಅನ್ನಿಸಿದವು. ಎದುರು ಬೀದಿಯವಳು ಸಂಜೆಯೊಳಗೆ ಮಾಡಿಯೇ ಕೊಡುತ್ತಾಳೆ. ನಾಡಿದ್ದು ಈ ಹುಡುಗಿ ಹದಿನೈದು ಕಿಲೋ ಬಟ್ಟೆ ಹೊತ್ತು, ತಲೆಗೆ ಅಂಟು ಹಾಕಿಸಿಕೊಂಡು, ನಾಲ್ಕು ತಾಸು ಬಿಸಿಲಲ್ಲಿ ನಡೆಯುತ್ತಾಳೆ.

ಮೇಜಿನ ಮೇಲಿದ್ದ ದೊಡ್ಡ ಕತ್ತರಿ ತೆಗೆದುಕೊಂಡಳು. ಎಡಗೈಯನ್ನು ಕುಪ್ಪಸದ ಬೆನ್ನೊಳಗೆ ತೂರಿಸಿ ಹುಡುಗಿಯ ಮೈಗೆ ಅಡ್ಡ ಹಿಡಿದಳು. ಕೆಳ ಅಂಚಿನಿಂದ ಶುರುಮಾಡಿ ಮೇಲಕ್ಕೆ, ದಾಳಿಂಬೆ ಹೂವುಗಳ ನಟ್ಟನಡುವೆ, ಕುತ್ತಿಗೆಯವರೆಗೂ ಕತ್ತರಿಸಿದಳು. ಬೆಳ್ಳಿ ಎಳೆಗಳು ಗರಗರ ಸದ್ದು ಮಾಡಿದವು.

ಒರ್ತೆನ್ಸಿಯಾಳಿಗೆ ಏನಾಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ಕುಪ್ಪಸ ಎರಡು ಪಾಲಾಗಿತ್ತು.

"ಅಯ್ಯೋ! ಹುಚ್ಚೀನಾ ನೀನು? ಏನೇ ಮಾಡ್ದೆ? ಎರಡು ತಿಂಗಳು ನೇಯ್ದಿದ್ದು ಕಣೇ ಅದು! ನಾಡಿದ್ದು ಏನು ತೊಡ್ತಾಳೆ ಇವಳು?"

"ಅಂಗಿ ತೊಡ್ಲಿ. ಮನೇಲಿರೋ ಯಾವುದಾದ್ರೂ ಅಂಗಿ. ಮೊದ್ಲು ಡಾಕ್ಟರ ಹತ್ರ ಹೋಗ್ಲಿ."

"ನಿನ್ನ ಅಂಗಡಿ ಮುಚ್ಚಿಸ್ತೀನಿ! ಓಣೀಲಿ ತಲೆ ಎತ್ತದ ಹಾಗೆ ಮಾಡ್ತೀನಿ!"

"ಮಾಡಿ," ಎಂದಳು ವಿಸೆಂತಾ.

ಎಳೆಗಳ ಚೂರುಗಳು ನೆಲದ ಮೇಲೆಲ್ಲ ಉದುರಿದ್ದವು. ಒರ್ತೆನ್ಸಿಯಾ ಮಗಳ ತೋಳುಗಳಿಂದ ಕುಪ್ಪಸದ ಎರಡು ಪಾಲುಗಳನ್ನು ಎಳೆದುಕೊಂಡು, ಮಂಡಿಯೂರಿ ನೆಲದ ಮೇಲೆ ಹಾಸಿ ಅಂಚಿಗೆ ಅಂಚು ಜೋಡಿಸತೊಡಗಿದಳು. ಯಾವ ಹೂವು ಉಳಿದಿದೆ, ಯಾವುದು ಹೋಗಿದೆ ಎಂದು ಒಂದೊಂದನ್ನೇ ಬೆರಳಿಟ್ಟು ನೋಡುತ್ತ ಅಳುತ್ತಿದ್ದಳು.

ಮಿರೆಯಾ ಮಣೆಯ ಮೇಲೆ ಇನ್ನೂ ತೋಳು ಚಾಚಿಕೊಂಡೇ ನಿಂತಿದ್ದಳು.

"ಸಾಕು ಮಗಳೇ, ಕೈ ಇಳ್ಸು," ಎಂದಳು ವಿಸೆಂತಾ.

ಹುಡುಗಿ ತಾಯಿಯ ಕಡೆ ನೋಡಿದಳು. ತಾಯಿ ತಲೆ ಎತ್ತಲಿಲ್ಲ. ತೋಳುಗಳು ನಡುಗುತ್ತಿದ್ದವು, ಆದರೂ ಇಳಿಸಲಿಲ್ಲ.