ನೋವಿಲ್ಲ ಅಂದ ಟೇಲರಣ್ಣ

ಟೇಲರಣ್ಣನ ಬಾಯಿ ಅವನ ಹೊಲಿಗೆ ಮೆಷಿನ್‌ಗಿಂತ ಜೋರು. ಹದಿನಾರು ವರ್ಷದ ಹಿಂದೆ ಮಹಡಿಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಅಂದಿನಿಂದ ಸೊಂಟದ ಕೆಳಗೆ ಏನೂ ಗೊತ್ತಾಗುವುದಿಲ್ಲ. ಮೆಷಿನ್‌ನ ಕರೆಂಟ್ ಪೆಡಲನ್ನು ಮೇಜಿನ ಮೇಲೆ ಇಟ್ಟುಕೊಂಡು, ಗಾಲಿಕುರ್ಚಿಯಲ್ಲೇ ಕೂತು, ಮೊಣಕೈಯಿಂದ ಒತ್ತಿ ಹೊಲಿಯುತ್ತಾನೆ. ಮೂತ್ರಕ್ಕೆ ಸದಾ ಟ್ಯೂಬು, ಕಾಲಿಗೆ ಕಟ್ಟಿದ ಚೀಲ. ಚೀಲ ಯಾರ ಕಣ್ಣಿಗೂ ಬೀಳದಿರಲೆಂದು ಅದಕ್ಕೊಂದು ಬಟ್ಟೆಯ ಗವಸನ್ನೂ ಹೊಲಿದುಕೊಂಡಿದ್ದ.

ಆ ಗವಸೇ ಎಡವಟ್ಟು ಮಾಡಿತು. ಈ ವರ್ಷ ಮೂರು ಸಲ ಮೂತ್ರ ಕೆಂಪಗಾಗಿತ್ತು. ಪಾಪ, ಹೆಂಡತಿಗೆ ಇನ್ನೊಂದು ಚಿಂತೆ ಯಾಕೆ ಎಂದು ಮುಚ್ಚಿಟ್ಟ. ಹಿಂದಿನ ಸೋಂಕಿಗೆ ಕೊಟ್ಟಿದ್ದ ಮಾತ್ರೆಗಳಲ್ಲಿ ಉಳಿದದ್ದನ್ನು ನುಂಗಿದ. ಕೆಂಪು ಹೋಯಿತು, ಮತ್ತೆ ಬಂತು.

ತಿಂಗಳಿಗೊಮ್ಮೆ ಟ್ಯೂಬು ಬದಲಿಸಲು ಬರುವ ಹಿರಿಯ ನರ್ಸ್ ಒಂದು ದಿನ ಗವಸು ತೆಗೆದು ನೋಡಿದಳು.

"ಏನಪ್ಪಾ ಇದು? ಎಷ್ಟು ದಿನದಿಂದ?"

"ಹಳೇ ಇನ್‌ಫೆಕ್ಷನ್ ಸಿಸ್ಟರ್. ಬರುತ್ತೆ, ಹೋಗುತ್ತೆ. ನೋವೇನೂ ಇಲ್ವಲ್ಲ!"

"ಭಲೇ! ಸೊಂಟದ ಕೆಳಗೆ ಸೂಜಿ ಚುಚ್ಚಿದ್ರೂ ಗೊತ್ತಾಗದವನು, ನೋವು ಬಂದು ಹೇಳ್ಲಿ ಅಂತ ಕಾಯ್ತಿದೀಯಾ?"

ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮುಖ ಬಿಳಚಿಕೊಂಡಿತು. "ದೊಡ್ಡ ಕಾಯಿಲೆನಾ ಸಿಸ್ಟರ್?"

"ಸೋಂಕಿರಬಹುದು, ಕಲ್ಲಿರಬಹುದಮ್ಮ. ಆದ್ರೆ ವರ್ಷಗಟ್ಟಲೆ ಟ್ಯೂಬು ಇದ್ದು, ಪದೇ ಪದೇ ಸೋಂಕಾಗೋರಿಗೆ ಮೂತ್ರಕೋಶದ ಕ್ಯಾನ್ಸರ್ ಬರೋ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಸಿಗರೇಟು ಸೇದಿದ್ರಂತೂ ಇನ್ನೂ ಜಾಸ್ತಿ. ರಕ್ತ ನಿಂತ ಮಾತ್ರಕ್ಕೆ ಕಾಯಿಲೆ ಹೋಯ್ತು ಅಂತಲ್ಲ. ಮೂತ್ರಕೋಶದ ಡಾಕ್ಟರು ಒಳಗೆ ಕ್ಯಾಮೆರಾ ಬಿಟ್ಟು ನೋಡ್ಬೇಕು."

"ಸ್ಕೂಲ್ ಯೂನಿಫಾರ್ಮು ನಲವತ್ತು ಜೊತೆ ಬಾಕಿ ಇದೆ, ಅದು ಮುಗೀಲಿ..." ಎಂದು ಟೇಲರಣ್ಣ ರಾಗ ಎಳೆದ.

ಹೆಂಡತಿ ಬೈಯಲಿಲ್ಲ. ಮೆಷಿನ್‌ನ ಸ್ವಿಚ್ ಆರಿಸಿ ಅವನ ಕೈ ಹಿಡಿದುಕೊಂಡಳು. "ಇಷ್ಟು ವರ್ಷದಲ್ಲಿ ನಿಮ್ಮನ್ನ ನೋಡ್ಕೊಳ್ಳೋದು ಒಂದು ದಿನಾನೂ ಭಾರ ಅನ್ನಿಸ್ಲಿಲ್ಲ ರೀ. ನೀವು ಮುಚ್ಚಿಟ್ಟಿದ್ದು ಭಾರ ಆಗ್ತಿದೆ."

ಟೇಲರಣ್ಣ ಕಣ್ಣು ಒರೆಸಿಕೊಂಡು, "ನಾಳೆನೇ ಹೋಗೋಣ ಕಣೇ" ಎಂದ.

ಡಾಕ್ಟರು ಕ್ಯಾಮೆರಾ ಬಿಟ್ಟು ನೋಡಿದಾಗ ಮೂತ್ರಕೋಶದಲ್ಲಿ ಅವರೆಕಾಳಿನಷ್ಟು ಗಂಟು ಸಿಕ್ಕಿತು. ಕ್ಯಾನ್ಸರೇ ಹೌದು, ಆದರೆ ಇನ್ನೂ ಆಳಕ್ಕೆ ಇಳಿದಿರಲಿಲ್ಲ. ಡಾಕ್ಟರು ತೆಗೆದುಹಾಕಿದರು. ಈಗ ಟೇಲರಣ್ಣ ಅವರು ಹೇಳಿದ ದಿನಕ್ಕೆ ತಪ್ಪದೆ ತಪಾಸಣೆಗೆ ಹೋಗುತ್ತಾನೆ, ದಾರಿಯುದ್ದಕ್ಕೂ ಹೆಂಡತಿಯ ತಲೆ ತಿನ್ನುತ್ತಾ.

ನಿಮಗಾಗಲಿ ನಿಮ್ಮ ಮನೆಯವರಿಗಾಗಲಿ ಬೆನ್ನುಹುರಿಗೆ ಪೆಟ್ಟಾಗಿದೆಯೇ? ಮೂತ್ರದಲ್ಲಿ ಒಂದೇ ಒಂದು ಸಲ ರಕ್ತ ಕಂಡರೂ ಡಾಕ್ಟರಿಗೆ ತೋರಿಸಿ. ಉಳಿದ ಮಾತ್ರೆ ನುಂಗಬೇಡಿ. ನೋವಿಲ್ಲವೆಂದು ಸುಮ್ಮನಿರಬೇಡಿ. ಮುಖ್ಯವಾಗಿ, ನಿಮ್ಮನ್ನು ಪ್ರೀತಿಸುವವರಿಂದ ಮುಚ್ಚಿಡಬೇಡಿ. ಅವರಿಗೆ ಬೇಕಾಗಿರುವುದು ನೀವು.